ಬಾಗಿಲಲ್ಲಿ ಜಪ್ತಿ ನೋಟಿಸು, ಕಾಗದದಲ್ಲಿ ಯಾರದೋ ಸಹಿ

ಆಟಿ ತಿಂಗಳ ಮಳೆ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮಗೆ ಬೇಕಾದ ಅಕ್ಕ ಒಬ್ಬರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಬಾಗಿಲಿಗೆ ಅಡ್ಡವಾಗಿ ಒಂದು ಸೀರೆ ಒಣಗಲು ಹಾಕಿತ್ತು. ಒಳಗೆ ಹೋಗಲಿಕ್ಕೆ ಅಂತ ಸರಿಸಿದೆ. ಹಿಂದೆ ಬಾಗಿಲಿನ ಮೇಲೆ ಗೋಂದು ಹಚ್ಚಿ ಅಂಟಿಸಿದ ಕಾಗದ. ದಾರಿಯಲ್ಲಿ ಹೋಗುವವರಿಗೆ ಅದು ಕಾಣಬಾರದು ಅಂತ ಸೀರೆ ಹಾಕಿದ್ದಂತೆ. "ಇದರಲ್ಲಿ ಎಂತ ಬರ್ದಿದೆ ನೋಡು ಮಾರಾಯ. ಎಲ್ಲ ಇಂಗ್ಲಿಷು" ಅಂದರು.

ಅದು ಸ್ವಾಧೀನದ ನೋಟಿಸು. ನಮ್ಮ ಕಡೆಯ ಮಾತಿನಲ್ಲಿ ಜಪ್ತಿ ನೋಟಿಸು. ಹದಿನೆಂಟು ಲಕ್ಷ ಚಿಲ್ಲರೆ ಬಾಕಿ, ಮನೆ ಮತ್ತು 22 ಸೆಂಟ್ಸ್ ಜಾಗ ಬ್ಯಾಂಕಿನ ಸ್ವಾಧೀನಕ್ಕೆ ಬಂದಿದೆ ಅಂತ ಬರೆದಿತ್ತು. ಅಕ್ಕ ತೆಗೆದುಕೊಂಡಿದ್ದ ಸಾಲ ನಾಲ್ಕು ಲಕ್ಷ. ಮಗಳ ಮದುವೆಗೆ. ಓಡಾಡಿ ಮಾಡಿಸಿಕೊಟ್ಟವನು ದೂರದ ನೆಂಟ. ಆಧಾರ ಅವನ ಕೈಗೇ ಕೊಟ್ಟಿದ್ದರು, ಕಂತಿನ ದುಡ್ಡೂ ಅವನ ಕೈಗೇ. ಆಧಾರ ಅಂದರೆ ಕಾರ್ಡಲ್ಲ ಮತ್ತೆ! ಕಾಸರಗೋಡಿನ ನಮಗೆ ಜಾಗದ ಮೂಲ ಪತ್ರವೇ ಆಧಾರ. ಎರಡು ವರ್ಷದ ನಂತರ ಅದೇ ಆಧಾರದ ಮೇಲೆ ಅಕ್ಕನ ಹೆಸರಿನಲ್ಲಿ ಟಾಪ್-ಅಪ್ ಸಾಲ, ಅಂದರೆ ಹಳೆಯ ಸಾಲದ ಮೇಲೆ ಇನ್ನಷ್ಟು ಸಾಲ, ಆಗಿತ್ತು. ಅದು ಅವರಿಗೆ ಗೊತ್ತಾಗಿದ್ದು ನಾನು ಆ ಕಾಗದ ಓದಿ ಹೇಳಿದಾಗ.

"ಕೋರ್ಟಿಗೆ ಕರೀತಾರಲ್ಲ, ಆಗ ಹೇಳುವ" ಅಂದರು ಅಕ್ಕ.

ಎಡವಟ್ಟು ಆಗುವುದು ಇಲ್ಲೇ. ಕೋರ್ಟಿಗೆ ಯಾರೂ ಕರೆಯುವುದಿಲ್ಲ. ಮನೆ ಸಾಲದ ಜಪ್ತಿ ಈಗ ಹೆಚ್ಚಾಗಿ ನಡೆಯುವುದು 2002ರ ಸರ್ಫೇಸಿ ಕಾನೂನಿನಲ್ಲಿ. ಹಿಂದೆ ಬ್ಯಾಂಕು ಮೊದಲು ದಾವೆ ಹಾಕಬೇಕಿತ್ತು, ನಮ್ಮ ಮಾತು ಕೇಳಿದ ಮೇಲೆ ತೀರ್ಪು. ಈ ಕಾನೂನು ಅದನ್ನು ತಿರುಗಿಸಿತು. ಬ್ಯಾಂಕು ಯಾವ ಕೋರ್ಟಿನ ತೀರ್ಪೂ ಇಲ್ಲದೆ ಅಡವಿನ ಆಸ್ತಿಯನ್ನು ಸ್ವಾಧೀನ ಮಾಡಿಕೊಂಡು ಏಲಂ ಹಾಕಬಹುದು. ತಕರಾರು ಇದ್ದರೆ ನಾವೇ ಹುಡುಕಿಕೊಂಡು ಹೋಗಿ ಹೇಳಬೇಕು, ಅದೂ ದಿನ ಎಣಿಸಿ.

ದಿನದ ಲೆಕ್ಕ ಹೀಗಿದೆ. ಕಂತು 90 ದಿನ ಬಾಕಿಯಾದರೆ ಸಾಲ ಎನ್‌ಪಿಎ ಪಟ್ಟಿಗೆ, ಅಂದರೆ ಕಂತು ನಿಂತುಹೋದ ಸಾಲಗಳ ಪಟ್ಟಿಗೆ, ಹೋಗುತ್ತದೆ. ಆಮೇಲೆ 13(2) ಕಲಮಿನ ನೋಟಿಸು. ಪೂರ್ತಿ ಸಾಲ 60 ದಿನದಲ್ಲಿ ಕಟ್ಟಿ ಅಂತ ಅದರಲ್ಲಿರುತ್ತದೆ. ಕಟ್ಟದಿದ್ದರೆ 13(4) ಪ್ರಕಾರ ಸ್ವಾಧೀನ. ಬಾಗಿಲಿಗೆ ಅಂಟಿಸುವುದು, 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಹಾಕುವುದು ಈ ಹಂತದಲ್ಲಿ. ಒಂದು ಪತ್ರಿಕೆ ಸ್ಥಳೀಯ ಭಾಷೆಯದಾಗಿರಬೇಕು. ಇಷ್ಟಾದಾಗಲೂ ಮನೆಯಲ್ಲಿ ನೀವೇ ಇರುತ್ತೀರಿ, ಸ್ವಾಧೀನ ಕಾಗದದ ಮೇಲೆ ಮಾತ್ರ. ನಿಜವಾಗಿ ಬೀಗ ಹಾಕಲು ಬ್ಯಾಂಕು 14ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರ ಹತ್ತಿರ ಹೋಗುತ್ತದೆ. ಕೇರಳದಲ್ಲಿ ಸಾಮಾನ್ಯವಾಗಿ ಸಿಜೆಎಂ (ಮುಖ್ಯ ಜ್ಯುಡಿಷಿಯಲ್ ಮ್ಯಾಜಿಸ್ಟ್ರೇಟ್) ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಮಾಡಿ ಕಳಿಸುತ್ತದೆ, ಜೊತೆಗೆ ಪೊಲೀಸರು. ಆ ಮ್ಯಾಜಿಸ್ಟ್ರೇಟರು ಮೋಸ ಆಗಿದೆಯೋ ಇಲ್ಲವೋ ಅಂತ ವಿಚಾರಿಸುವುದಿಲ್ಲ. ಬ್ಯಾಂಕಿನ ಕಾಗದ ಸರಿಯಿದೆಯೇ ಅಂತ ನೋಡುತ್ತಾರೆ, ಅಷ್ಟೆ.

ಮೋಸದ ಮಾತನ್ನು ವಿಚಾರಿಸುವ ಜಾಗ ಡಿಆರ್‌ಟಿ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿ. 17ನೇ ಕಲಮಿನಲ್ಲಿ ಅರ್ಜಿ ಹಾಕಲು ಸ್ವಾಧೀನದ ಕ್ರಮ ಆದ ದಿನದಿಂದ 45 ದಿನ. ನಾನು ಆ ಸೀರೆ ಸರಿಸಿದ್ದು ಹನ್ನೊಂದನೇ ದಿನ. ಉಳಿದದ್ದು 34. ಮೊದಲಿನ 60 ದಿನದ ನೋಟಿಸು ಎಲ್ಲಿ ಅಂತ ಕೇಳಿದೆ. ದೇವರ ಕೋಣೆಯ ಕ್ಯಾಲೆಂಡರಿನ ಹಿಂದೆ ಕರೆಂಟು ಬಿಲ್ಲುಗಳ ಜೊತೆ ಇತ್ತು. ಲಕೋಟೆ ಒಡೆದೇ ಇರಲಿಲ್ಲ.

ಆ ಲಕೋಟೆ ಒಡೆಯದೆ ಹೋದದ್ದು ದೊಡ್ಡ ನಷ್ಟ. ಅದು ಕೈಯಲ್ಲಿರುವಾಗ 13(3ಎ) ಪ್ರಕಾರ ಬ್ಯಾಂಕಿಗೆ ಆಕ್ಷೇಪಣೆ ಬರೆಯಬಹುದು. ಬ್ಯಾಂಕು ಅದನ್ನು ನೋಡಿ, ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಅಂತ 15 ದಿನದಲ್ಲಿ ಉತ್ತರ ಕೊಡಬೇಕು. ಈ ಪತ್ರದಿಂದ ಜಪ್ತಿ ತಾನಾಗಿ ನಿಲ್ಲುವುದಿಲ್ಲ. ಆದರೆ "ಈ ಸಹಿ ನನ್ನದಲ್ಲ" ಅಂತ ನೀವು ಮೊದಲ ದಿನವೇ ಹೇಳಿದಿರಿ ಎಂಬುದಕ್ಕೆ ರಿಜಿಸ್ಟರ್ಡ್ ಅಂಚೆಯ ಸಾಕ್ಷಿ ಉಳಿಯುತ್ತದೆ. ಮುಂದೆ ಬ್ಯಾಂಕಿನ ವಕೀಲರು ಕೇಳುವ ಮೊದಲ ಪ್ರಶ್ನೆಯೇ "ಇಷ್ಟು ದಿನ ಸುಮ್ನೆ ಯಾಕೆ ಕೂತಿದ್ದಿರಿ?" ಅಂತ. ಅಕ್ಕನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಇನ್ನು ಮೋಸದ ವಿಷಯ. ಎಲ್ಲ ಮೋಸಕ್ಕೂ ಕಾನೂನಿನಲ್ಲಿ ಒಂದೇ ತೂಕ ಇಲ್ಲ. ಸಹಿಯೇ ನಿಮ್ಮದಲ್ಲ, ಬೇರೆ ಯಾರೋ ನೀವಾಗಿ ನಿಂತು ಅಡವಿಟ್ಟರು ಅಂದರೆ ಅಲ್ಲಿ ಒಪ್ಪಂದವೇ ಹುಟ್ಟಿಲ್ಲ. ನಿಮ್ಮ ಕೈಯಲ್ಲಿ ಇರಬಹುದಾದ ಅತಿ ಗಟ್ಟಿ ವಾದ ಅದು. ಸಹಿ ನಿಮ್ಮದೇ, ಆದರೆ "ರೇಷನ್ ಕಾರ್ಡಿನ ಕೆಲಸ" ಅಂತ ಸುಳ್ಳು ಹೇಳಿ ಹಾಕಿಸಿಕೊಂಡರು ಅಂದರೆ ಆ ಒಪ್ಪಂದ ನಿಲ್ಲುವುದಿಲ್ಲ ಅಂತ ವಾದಿಸಬಹುದು. ಆದರೆ ಸುಳ್ಳು ಹೇಳಿದ್ದನ್ನು ನೀವೇ ಸಾಬೀತು ಮಾಡಬೇಕು. ಮೂರನೆಯದು ನಮ್ಮ ಊರಲ್ಲಿ ಜಾಸ್ತಿ: ನೆಂಟ ಹೇಳಿದ, ಓದದೆ ಸಹಿ ಹಾಕಿದೆ. ಹೀಗೆ ಹೇಳುವವರ ಮೇಲೆ ನನಗೆ ಕನಿಕರ ಇದೆ. ನ್ಯಾಯಮಂಡಳಿಗೆ ಅಷ್ಟು ಇರುವುದಿಲ್ಲ. ಓದಲಿಲ್ಲ ಎಂಬುದು ಒಂದೇ ನಿಂತು ವಾದ ಆಗುವುದಿಲ್ಲ. ಬೇರೆಯವರ ಸಾಲಕ್ಕೆ ಜಾಮೀನು ನಿಂತವರ ಕಥೆಯೂ ಹತ್ತಿರ ಹತ್ತಿರ ಹೀಗೇ. ಸಾಲಗಾರ ಎಷ್ಟು ಹೊಣೆಯೋ ಜಾಮೀನುದಾರನೂ ಅಷ್ಟೇ ಹೊಣೆ ಅನ್ನುತ್ತದೆ 1872ರ ಕರಾರು ಕಾಯ್ದೆ. ಸಾಲಗಾರನನ್ನು ಬಿಟ್ಟು ಮೊದಲು ನಿಮ್ಮ ಮನೆಗೇ ಬಂದರೂ ತಪ್ಪಿಲ್ಲ.

ಹಾಗಾಗಿ ವಕೀಲರ ಹತ್ತಿರ ಹೋಗುವ ಮೊದಲು ನಿಮ್ಮದು ಇವುಗಳಲ್ಲಿ ಯಾವುದು ಅಂತ ನಿಮಗೇ ಗೊತ್ತಿರಬೇಕು. ಅದನ್ನು ಹೇಳುವುದು ಬ್ಯಾಂಕಿನ ಫೈಲು.

ಅಕ್ಕನ ಕಡೆಯಿಂದ ಬರೆದು ಕೊಟ್ಟು ಕೇಳಿದ್ದು ಸಾಲದ ಅರ್ಜಿ, ಕೆವೈಸಿ ಕಾಗದಗಳು, ಆಧಾರ ಠೇವಣಿ ಇಟ್ಟ ಬಗ್ಗೆ ಬರೆದುಕೊಂಡ ಮೆಮೊರಾಂಡಂ, ಜಾಗದ ಬೆಲೆ ಕಟ್ಟಿದ ವರದಿ, ಬ್ಯಾಂಕಿನ ವಕೀಲರು ಕೊಟ್ಟ ಅಭಿಪ್ರಾಯ, ಮತ್ತೆ ಬಹಳ ಮುಖ್ಯವಾಗಿ, ದುಡ್ಡು ಯಾವ ಖಾತೆಗೆ ಹೋಯಿತು ಎಂಬ ಸ್ಟೇಟ್‌ಮೆಂಟ್. ಎರಡು ಸಲ ನಾಳೆ ಬನ್ನಿ ಆಯಿತು. ಮೂರನೇ ಸಲ ಸಿಕ್ಕಿತು.

ಎರಡು ಫೈಲನ್ನೂ ಜಗಲಿಯಲ್ಲಿ ಹರಡಿ ನೋಡಿದೆವು. ಅಕ್ಕ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವರು. ಸಹಿ ಯಾವತ್ತೂ ಕನ್ನಡದಲ್ಲಿ, ಕೊನೆಯ ಅಕ್ಷರಕ್ಕೆ ಉದ್ದ ಬಾಲ. ನಾಲ್ಕು ಲಕ್ಷದ ಫೈಲಿನಲ್ಲಿ ಪುಟಪುಟಕ್ಕೂ ಆ ಬಾಲ ಇತ್ತು. ಜೊತೆಗೆ ಒಂದು ಹಾಳೆ: ಈ ಕಾಗದಗಳನ್ನು ಸಾಲಗಾರರಿಗೆ ಅವರ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ ಅಂತ ಒಬ್ಬರು ಸಹಿ ಹಾಕಿದ್ದು. ಇಂಗ್ಲಿಷ್ ಬಾರದವರ ಸಾಲಕ್ಕೆ ಬ್ಯಾಂಕುಗಳು ಇಂಥ ಹಾಳೆ ಇಡುವ ರೂಢಿ ಇದೆ. ಟಾಪ್-ಅಪ್ ಫೈಲಿನಲ್ಲಿ ಸಹಿ ಇಂಗ್ಲಿಷಿನಲ್ಲಿ, ಚಂದದ ಕೂಡಕ್ಷರ. ಓದಿ ಹೇಳಿದ ಹಾಳೆಯೇ ಇಲ್ಲ. ಮೊಬೈಲ್ ನಂಬರ್ ಬೇರೆ. ದುಡ್ಡು ಅಕ್ಕನ ಹೆಸರಿನದೇ ಒಂದು ಹೊಸ ಖಾತೆಗೆ ಬಂದು ಎರಡೇ ದಿನದಲ್ಲಿ ಮತ್ತೊಂದು ಕಡೆಗೆ ಹೋಗಿತ್ತು. ಅಕ್ಕ ಆ ಇಂಗ್ಲಿಷ್ ಸಹಿಯನ್ನು ತುಂಬ ಹೊತ್ತು ನೋಡಿದರು. "ನನ್ನ ಹೆಸರಾ ಇದು?" ಅಂತ ಕೇಳಿದರು.

ಸಹಿ ಒಂದನ್ನೇ ನಂಬಿ ಕೂರಬೇಡಿ ಅನ್ನುತ್ತೇನೆ ನಾನು. ಸಹಿಯ ಜಗಳಕ್ಕೆ ತಜ್ಞರ ವರದಿ ಬೇಕು, ಅದು ತಡ ಆಗುತ್ತದೆ. ದುಡ್ಡಿನ ದಾರಿ ಹಾಗಲ್ಲ. ಅದು ಬ್ಯಾಂಕಿನದೇ ಕಾಗದ, ಅದನ್ನು ಬ್ಯಾಂಕು ಅಲ್ಲಗಳೆಯಲಾಗದು.

ಅಷ್ಟರಲ್ಲಿ ಊರವರ ಸಲಹೆ ಶುರುವಾಗಿತ್ತು. ಪೊಲೀಸ್ ಕಂಪ್ಲೇಂಟ್ ಕೊಡಿ, ಎಲ್ಲ ನಿಲ್ಲುತ್ತದೆ ಅಂತ. ಕೊಡಲೇಬೇಕು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು, ಸುಳ್ಳು ದಾಖಲೆಗೆ 336, 338, ಅಂಥ ದಾಖಲೆಯನ್ನು ಅಸಲಿ ಅಂತ ಬಳಸಿದ್ದಕ್ಕೆ 340. 2024ರ ಜುಲೈ 1ಕ್ಕೆ ಮೊದಲು ನಡೆದದ್ದಾದರೆ ಹಳೆಯ ಐಪಿಸಿಯ 420, 467, 468, 471. ಠಾಣೆಯಲ್ಲಿ ಎಫ್‌ಐಆರ್ ಮಾಡದಿದ್ದರೆ ಎಸ್‌ಪಿಗೆ ಬರೆದು, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಆದರೆ ಎಫ್‌ಐಆರ್ ಆದ ಮಾತ್ರಕ್ಕೆ ಏಲಂ ನಿಲ್ಲುವುದಿಲ್ಲ. ಪೊಲೀಸರು ಹುಡುಕುವುದು ಮೋಸ ಮಾಡಿದವನನ್ನು. ಬ್ಯಾಂಕು ಹಿಡಿದಿರುವುದು ನಿಮ್ಮ ಜಾಗವನ್ನು. ಎರಡೂ ಬೇರೆ ಬೇರೆ ದಾರಿ. ಒಂದರ ಹಿಂದೆ ಓಡುತ್ತಾ ಇನ್ನೊಂದರ 45 ದಿನ ಕಳೆದುಕೊಂಡವರು ಇದ್ದಾರೆ. ತಡವಾದರೂ ಕ್ಷಮಿಸಿ ಅರ್ಜಿ ತೆಗೆದುಕೊಳ್ಳುತ್ತಾರೆ ಎಂಬ ಧೈರ್ಯವೂ ಬೇಡ.

ಡಿಆರ್‌ಟಿ ಇರುವುದು ಎರ್ನಾಕುಳಂನಲ್ಲಿ. ಪೆರ್ಲದಿಂದ ಮಂಗಳೂರಿಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಆದರೆ 1956ರಲ್ಲಿ ರಾಜ್ಯಗಳ ಗೆರೆ ಎಳೆದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಾಗದಗಳೆಲ್ಲ ತೆಂಕು ದಿಕ್ಕಿಗೇ ಹೋಗುವುದು. ಕಾಸರಗೋಡಿನಿಂದ ಸುಮಾರು 350 ಕಿಲೋಮೀಟರ್, ರಾತ್ರಿ ರೈಲು. ಈಗ ಇ-ಫೈಲಿಂಗ್ ಇರುವುದರಿಂದ ಪ್ರತಿ ಸಲ ಓಡಬೇಕಾಗಿಲ್ಲ. ಸಾಲಗಾರರ ಅರ್ಜಿಗೆ ಶುಲ್ಕ ಬಾಕಿಯ ಮೊತ್ತದ ಮೇಲೆ ಲೆಕ್ಕ. ಅರ್ಜಿಯಲ್ಲಿ ಮೋಸದ ಕಥೆಯ ಜೊತೆಗೆ ಬ್ಯಾಂಕಿನ ಕ್ರಮದಲ್ಲಿ ಎಲ್ಲಿ ತಪ್ಪಿದೆ ಎಂಬುದನ್ನೂ ಹೇಳಬೇಕು. ನೋಟಿಸು ಸರಿಯಾದ ವಿಳಾಸಕ್ಕೆ ಬಂತೇ, 60 ದಿನ ಪೂರ್ತಿ ಕೊಟ್ಟರೇ, ಪತ್ರಿಕೆಯಲ್ಲಿ ಹಾಕಿದರೇ, ಅಡವನ್ನು ಸರ್ಸಾಯ್ ಎಂಬ ಕೇಂದ್ರ ದಾಖಲೆಯಲ್ಲಿ ನೋಂದಾಯಿಸಿದ್ದಾರೆಯೇ. 2020ರ ಜನವರಿಯಿಂದ ಆ ನೋಂದಣಿ ಇಲ್ಲದ ಬ್ಯಾಂಕು ಸರ್ಫೇಸಿಯ ಜಪ್ತಿ ಅಧಿಕಾರ ಬಳಸುವಂತಿಲ್ಲ. ಮೋಸ ಸಾಬೀತಾಗಲು ವರ್ಷ ಬೇಕಾಗಬಹುದು. ಇಂಥ ಲೋಪ ಮೊದಲ ದಿನವೇ ತಡೆಯಾಜ್ಞೆ ತಂದುಕೊಡಬಹುದು. ಕ್ರಮ ತಪ್ಪು ಅಂತ ಕಂಡರೆ ನ್ಯಾಯಮಂಡಳಿ ಸ್ವಾಧೀನವನ್ನು ವಾಪಸು ಕೊಡಿಸಬಹುದು.

ಅಲ್ಲಿ ಸೋತರೆ ಚೆನ್ನೈಯ ಮೇಲ್ಮನವಿ ಮಂಡಳಿಗೆ 30 ದಿನದಲ್ಲಿ ಹೋಗಬೇಕು. ಸಾಲಗಾರ ಬಾಕಿಯ ಅರ್ಧ ಠೇವಣಿ ಇಡಬೇಕಾಗುತ್ತದೆ. ಕಡಿಮೆ ಮಾಡಿದರೂ ಕಾಲು ಭಾಗಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬಡವರಿಗೆ ಬಾಗಿಲು ಮುಚ್ಚುವುದು ಇಲ್ಲೇ, ನನ್ನ ಪ್ರಕಾರ. ಅದಕ್ಕೇ ಮೊದಲ ಅರ್ಜಿಯನ್ನೇ ಗಟ್ಟಿ ಮಾಡಬೇಕು.

ಸಿವಿಲ್ ಕೋರ್ಟಿಗೆ ಹೋಗಬಾರದೇ? ಡಿಆರ್‌ಟಿ ತೀರ್ಮಾನಿಸಬಹುದಾದ ವಿಷಯದಲ್ಲಿ ಸಿವಿಲ್ ದಾವೆಗೆ 34ನೇ ಕಲಮು ಅಡ್ಡ ಇದೆ. ಆದರೆ 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಸಣ್ಣ ಕಿಂಡಿ ಬಿಟ್ಟಿದೆ: ಬ್ಯಾಂಕಿನ ನಡೆಯೇ ಮೋಸದ್ದು ಅಂತ ಆರೋಪ ಇದ್ದರೆ ಸಿವಿಲ್ ಕೋರ್ಟು ನೋಡಬಹುದು. ಸಾಲಗಾರ ಮೋಸ ಹೋದ ಅಂದರೆ ಸಾಲದು, ಬ್ಯಾಂಕೂ ಅದರಲ್ಲಿ ಸೇರಿದೆ ಅಂತ ವಿವರವಾಗಿ ಬರೆಯಬೇಕು. 2025ರ ಜನವರಿಯಲ್ಲಿ ಸೆಂಟ್ರಲ್ ಬ್ಯಾಂಕಿನ ಒಂದು ಪ್ರಕರಣದಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಹೇಳಿತು. ಕ್ರಯಪತ್ರ, ಅಡವಿನ ಪತ್ರ ಸಿಂಧುವೋ ಅಲ್ಲವೋ, ಜಾಗದ ಹಕ್ಕು ಯಾರದು ಎಂಬುದನ್ನು ಡಿಆರ್‌ಟಿ ತೀರ್ಮಾನಿಸಲಾಗದು, ಅದು ಸಿವಿಲ್ ಕೋರ್ಟಿನ ಕೆಲಸ ಅಂತ. ತರವಾಡಿನ, ಅಂದರೆ ಕೂಡುಕುಟುಂಬದ, ಪಾಲಾಗದ ಜಾಗವನ್ನು ಒಬ್ಬ ಮಾರಿ, ಕೊಂಡವನು ಅಡವಿಟ್ಟ ಕೇಸುಗಳು ನಮ್ಮಲ್ಲಿ ಇವೆಯಲ್ಲ, ಸಾಲವನ್ನೇ ಮಾಡದ ಆ ಪಾಲುದಾರರಿಗೆ ಇದು ಉಪಯೋಗದ ತೀರ್ಪು. ಇನ್ನು ಹೈಕೋರ್ಟಿಗೆ ರಿಟ್ ಹಾಕಿ ಕಂತು ಮಾಡಿಸಿಕೊಳ್ಳುವ ರೂಢಿ ಕೇರಳದಲ್ಲಿ ಚೆನ್ನಾಗಿ ಇತ್ತು. 2023ರಲ್ಲಿ ಸುಪ್ರೀಂ ಕೋರ್ಟ್, ಇಲ್ಲಿಂದಲೇ ಹೋದ ಪ್ರಕರಣಗಳಲ್ಲಿ, ಡಿಆರ್‌ಟಿ ಇರುವಾಗ ಹೀಗೆ ಮಾಡಬಾರದು ಅಂತ ಗದರಿಸಿತು.

ತೋಟ ಇರುವವರು ಇದನ್ನು ಗಮನಿಸಿ. ಕೃಷಿ ಜಾಗದ ಅಡವಿಗೆ ಸರ್ಫೇಸಿ ಅನ್ವಯಿಸುವುದಿಲ್ಲ, 31ನೇ ಕಲಮು. ಅಡಿಕೆ, ತೆಂಗು, ಗದ್ದೆ ಇರುವ ಜಾಗವನ್ನೂ ಬ್ಯಾಂಕು ಮನೆ ಜಾಗದ ಜೊತೆ ಸೇರಿಸಿ ನೋಟಿಸು ಕೊಟ್ಟಿರುತ್ತದೆ. ಆದರೆ ಅಲ್ಲಿ ನಿಜವಾಗಿ ಕೃಷಿ ನಡೆಯುತ್ತಿದೆ ಅಂತ ತೋರಿಸುವ ಹೊಣೆ ಸಾಲಗಾರನದೇ. ವಿಲೇಜ್ ಆಫೀಸಿನ ಕಾಗದ, ಅಡಿಕೆ ಮಾರಿದ ಚೀಟಿ, ಪಂಪಿನ ಕರೆಂಟು ಬಿಲ್ಲು ಎಲ್ಲ ಇಟ್ಟುಕೊಳ್ಳಿ. ಮನೆಯ ಹಿಂದೆ ನಾಲ್ಕು ಬಾಳೆ ಇದೆ ಅಂದರೆ ಯಾರೂ ಒಪ್ಪುವುದಿಲ್ಲ.

ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನ ಸಾಲವಾದರೆ ದಾರಿಯೇ ಬೇರೆ. ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕುಗಳು ಸರ್ಫೇಸಿ ಬಳಸಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆದರೆ ಸರ್ವಿಸ್ ಸಹಕಾರಿ ಸಂಘಗಳು ಆ ಲೆಕ್ಕದ ಬ್ಯಾಂಕಲ್ಲ. ಅವು ಕೇರಳ ಸಹಕಾರಿ ಸಂಘಗಳ ಕಾಯ್ದೆಯ 69ನೇ ಕಲಮಿನಲ್ಲಿ ಆರ್ಬಿಟ್ರೇಶನ್ (ಮಧ್ಯಸ್ಥಿಕೆ) ಹಾಕಿ, ತೀರ್ಪು ತೆಗೆದುಕೊಂಡು ಜಪ್ತಿಗೆ ಬರುತ್ತವೆ. ಇಲ್ಲಿ ಮಾತ್ರ ನಿಮ್ಮನ್ನು ಕರೆಯುತ್ತಾರೆ. ಆ ಕರೆ ಬಂದ ದಿನ ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಎಕ್ಸ್-ಪಾರ್ಟಿ ತೀರ್ಪು ಆಗಿಬಿಡುತ್ತದೆ. ತೃಶೂರು ಜಿಲ್ಲೆಯ ಕರುವನ್ನೂರು ಸರ್ವಿಸ್ ಸಹಕಾರಿ ಬ್ಯಾಂಕಿನ ಹಗರಣ 2021ರಲ್ಲಿ ಬಯಲಾದಾಗ, ತಮಗೆ ಗೊತ್ತೇ ಇಲ್ಲದ ಸಾಲ ತಮ್ಮ ಹೆಸರಿನಲ್ಲಿದೆ ಅಂತ ಹೇಳಿದ ಸದಸ್ಯರೂ ಇದ್ದರು. ಪರಿಚಯದ ಮುಖ ಕೌಂಟರಿನಲ್ಲಿದೆ ಎಂಬ ನಂಬಿಕೆಯಿಂದ ನಾವು ಪಾಸ್‌ಬುಕ್ಕನ್ನೂ ನೋಡುವುದಿಲ್ಲ, ಅಲ್ವಾ?

ನಿಮ್ಮ ಜಾಗದ ಮೇಲೆ ಗೊತ್ತಿಲ್ಲದ ಸಾಲ ಇದೆಯೇ ಅಂತ ನೋಡಲು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಇಸಿ, ಅಂದರೆ ಜಾಗದ ಮೇಲೆ ರಿಜಿಸ್ಟರ್ ಆದ ಋಣಭಾರ ತೋರಿಸುವ ಪತ್ರ, ತೆಗೆಸುತ್ತಾರೆ. ಅದು ಸಾಲದು. ಆಧಾರವನ್ನು ಬ್ಯಾಂಕಿನಲ್ಲಿ ಇಟ್ಟರೇ ಅಡವಾಗುತ್ತದೆ, ಪತ್ರ ರಿಜಿಸ್ಟರ್ ಆಗಬೇಕೆಂದಿಲ್ಲ. ಹಾಗಾಗಿ ಇಸಿ ಸ್ವಚ್ಛ ಇದ್ದರೂ ಸಾಲ ಇರಬಹುದು. ಸರ್ಸಾಯ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು, ಅದನ್ನೂ ನೋಡಿ. ಸಾಲ ತೀರಿಸಿದವರು ಆಧಾರ ವಾಪಸು ತೆಗೆದುಕೊಳ್ಳದೆ ಬಿಡಬೇಡಿ. ತೀರಿಸಿದ 30 ದಿನದೊಳಗೆ ಕೊಡದಿದ್ದರೆ, ತಪ್ಪು ಬ್ಯಾಂಕಿನದಾದರೆ, ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, 2023ರ ಡಿಸೆಂಬರ್ 1ರಿಂದ.

ವಕೀಲರ ಖರ್ಚಿನ ಭಯಕ್ಕೆ ಒಂದು ಮಾತು. ವಿದ್ಯಾನಗರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅಲ್ಲಿ ಕನ್ನಡದಲ್ಲೇ ಬರೆದು ಕೊಡಿ, ಹೆದರಬೇಡಿ. ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಭಾಷಾ ಕಾಯ್ದೆಯ ಕಾಲದಿಂದಲೂ ಭಾಷಾ ಅಲ್ಪಸಂಖ್ಯಾತರಾದ ನಮಗಿದೆ.

ಅಕ್ಕನ ಅರ್ಜಿ 39ನೇ ದಿನ ದಾಖಲಾಯಿತು. ಅದರಲ್ಲಿ ಒಂದು ವಿಷಯಕ್ಕೆ ಮನೆಯಲ್ಲೇ ದೊಡ್ಡ ಚರ್ಚೆ ಆಗಿತ್ತು. "ಯಾವ ಸಾಲವೂ ಗೊತ್ತಿಲ್ಲ ಅಂತ ಬರೆಸು" ಅಂದ ಅಳಿಯ. ಅಕ್ಕ ಒಪ್ಪಲಿಲ್ಲ. ನಾಲ್ಕು ಲಕ್ಷ ತನ್ನದು, ಅದರ ಬಾಕಿ ಕಟ್ಟುತ್ತೇನೆ, ಉಳಿದದ್ದು ತನ್ನದಲ್ಲ ಅಂತಲೇ ಬರೆಸಿದರು. ಕೇಸಿಗೆ ಬಲ ಬಂದದ್ದು ಅದರಿಂದಲೇ ಅಂತ ವಕೀಲರು ಆಮೇಲೆ ಹೇಳಿದರು. ನ್ಯಾಯಮಂಡಳಿ ತಡೆಯಾಜ್ಞೆ ಕೊಡುವಾಗ ಒಂದಷ್ಟು ದುಡ್ಡು ಕಟ್ಟಲು ಹೇಳುವುದು ಸಾಮಾನ್ಯ. ಒಪ್ಪಿದ ಸಾಲದ ಬಾಕಿಯನ್ನೇ ಕಟ್ಟಲು ಹೇಳಿದರು. ಅಟ್ಟದಲ್ಲಿ ರೇಟು ಏರಲಿ ಅಂತ ಇಟ್ಟಿದ್ದ ಚಾಲಿ ಅಡಿಕೆ ಮೂರು ಗೋಣಿ ಇಳಿಯಿತು, ಜೊತೆಗೆ ಒಂದು ಜೊತೆ ಬಳೆ.

ಏಲಂ ಈಗ ನಿಂತಿದೆ. ಅದರ ಜಾಹೀರಾತು ಬರುವ ಮೊದಲೇ ತಡೆ ಸಿಕ್ಕಿದ್ದು ನಮ್ಮ ಪುಣ್ಯ. 2016ರ ತಿದ್ದುಪಡಿಯ ನಂತರ, ಪೂರ್ತಿ ದುಡ್ಡು ಕಟ್ಟಿ ಜಾಗ ಬಿಡಿಸಿಕೊಳ್ಳುವ ಹಕ್ಕು ಏಲಂ ನೋಟಿಸು ಪ್ರಕಟ ಆಗುವ ತನಕ ಮಾತ್ರ. ಏಲಂ ಆಗಿ ಇನ್ನೊಬ್ಬರು ಕೊಂಡುಬಿಟ್ಟರೆ ಜಗಳ ಅವರ ಜೊತೆಗೂ ಶುರುವಾಗುತ್ತದೆ.

ನೆಂಟನ ಮೇಲೆ ಎಫ್‌ಐಆರ್ ಆಗಿದೆ, ಅವನು ಊರಲ್ಲಿಲ್ಲ. ಸಹಿ ತಜ್ಞರಿಗೆ ಹೋಗಿದೆ. ಮಾದರಿ ಸಹಿ ಬೇಕು ಅಂತ ಕಾಗದ ಕೊಟ್ಟಾಗ ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಹಾಕಿದರು. ಒಂದರಲ್ಲಿ ಬಾಲ ಸ್ವಲ್ಪ ಗಿಡ್ಡ ಆಯಿತು ಅಂತ, ಅದನ್ನು ಹೊಡೆದುಹಾಕಿ ಇನ್ನೊಂದು ಹಾಕಲಾ ಅಂತ ಕೇಳಿದರು. ಬೇಡ, ಎಲ್ಲ ಹಾಗೇ ಇರಲಿ ಅಂದರು ವಕೀಲರು.